ಮಾಲಕರ ಮಗನ ಲಗ್ನ ಕೂಡಿದರ

ಕರಾರು ಬರಿಯೂದು ನನ್ನ ಹೊಟ್ಟಿಪಾಡು. ಬ್ಯಾಂಕಿನ ಕಾನೂನು ವಿಭಾಗದೊಳಗ ಕೂತು "ಹಿಂಗಾದರ ಹಂಗ, ಹಂಗಾಗದಿದ್ದರ ಹಿಂಗ" ಅಂತ ಬರದು ಬರದು ನನ್ನ ಬಾಯಿಗೂ ಅದ ಚಾಳಿ ಹತ್ತಿಬಿಟ್ಟದ. ರಾತ್ರಿ ಅಡಗಿ ಏನು ಅಂತ ಮಗಳು ಕೇಳಿದರ, ಕರೆಂಟ್ ಇದ್ದರ ದ್ವಾಸಿ, ಹೋದರ ಅವಲಕ್ಕಿ ಅಂತ ಹೇಳಾಕಿ ನಾನು. ನಾಶಿಕ್ ಆಫೀಸಿನ ಮಂದಿ ನನಗ 'ಜರ್-ತರ್ ಮ್ಯಾಡಮ್' ಅಂತ ಹೆಸರಿಟ್ಟಿದ್ರು, ಅಂದ್ರ 'ಆದರ-ಹೋದರ ಮ್ಯಾಡಮ್' ಅಂತ. ಇಂಥಾಕಿ ಬೆನ್ನು ಹತ್ತಿ ಇಂಥಾ ಪ್ರಸಂಗಗಳು ಬರೂದು ಹೊಸಾದೇನಲ್ಲ. ಮಜಾ ಅಂದ್ರ ಆಫೀಸಿನ ಕರಾರಿನೊಳಗ ನಗೂವಂಥಾದ್ದು ಏನೂ ಆಗಲಿಲ್ಲ, ಆಗಿದ್ದೆಲ್ಲಾ ನಾವು ಬಾಡಿಗಿಗೆ ಇದ್ದ ಮನಿಯೊಳಗ.

ಲಗ್ನದ ಕಲಮು

ಎರಡು ಸಾವಿರದ ಹತ್ತರ ಆಸುಪಾಸಿನ ಮಾತು. ಧಾರವಾಡದಿಂದ ನಾಶಿಕ್‌ಗೆ ನನಗ ಬದಲಿ ಆತು. ನಮ್ಮನಿಯವರು ದಿಂಡೋರಿ ಕಡೆ ಒಂದು ದ್ರಾಕ್ಷಿ ಕಂಪನಿಯೊಳಗ ಲೆಕ್ಕ ಬರಿಯೂ ಕೆಲಸ ಹಿಡದ್ರು. ಮಗಳ ಶಾಲಿ ಓಣಿ ದಾಟಿದ ಕೂಡಲೇ ಸಿಗೂಹಂಗ ಒಂದು ಮಾಳಗಿ ಮನಿ ಸಿಕ್ತು. ಕೆಳಗ ಮಾಲಕರು, ಮ್ಯಾಲೆ ನಾವು. ಮಾಲಕರಿಗೆ ಕಾಕಾ ಅಂತಿದ್ವಿ, ಅವರ ಹೆಂಡತಿಗೆ ಕಾಕೂ.

ಕಾಕಾ ಜಮೀನು ಮೋಜಣಿ ಖಾತೆಯೊಳಗಿಂದ ನಿವೃತ್ತರಾದವರು. ಜನ್ಮಾನಪೂರ್ತಿ ಹೊಲದ ಬದುವಿನ ಜಗಳಾ ನೋಡಿ ನೋಡಿ, ಮನಷಾ ಅಂದ ಮ್ಯಾಲೆ ಜಗಳ ಇದ್ದದ್ದ, ಮೊದಲ ಬರದಿಟ್ಟಬಿಡೂದು ಚಲೋ ಅನ್ನೂ ಸಿದ್ಧಾಂತಕ್ಕ ಬಂದಿದ್ರು. ಬಾಡಿಗಿ ಕರಾರು ಅವರ ಸ್ವಂತ ಬರದಿದ್ರು. ಬೀಗರು ಬಂದರ ಏನು, ಬಂದವರು ಹೋಗದಿದ್ದರ ಏನು, ನಮ್ಮ ತುಳಸಿ ಕುಂಡದ ನೀರು ಅವರ ಹಪ್ಪಳದ ಮ್ಯಾಲೆ ಬಿದ್ದರ ಏನು, ನೀರು ಹಾಕದ ತುಳಸಿ ಒಣಗಿದರ ಏನು, ಎಲ್ಲಾಕ್ಕೂ ಒಂದೊಂದು ಕಲಮು. ಓದತಾ ಓದತಾ ನನಗ ಅವರ ಮ್ಯಾಲೆ ಭಕ್ತಿನ ಹುಟ್ತು.

ಕಡೀ ಕಲಮು ಮಾತ್ರ ಗಂಟಲಿಗೆ ಸಿಕ್ಕೊಂತು. ಮಾಲಕರ ಮಗನ ಲಗ್ನ ಗಟ್ಟಿ ಆದರ ಒಂದು ತಿಂಗಳೊಳಗ ಬಾಡಿಗಿದಾರರು ಮ್ಯಾಲಿನ ಮನಿ ಬಿಡಬೇಕು, ಗಟ್ಟಿ ಆಗದಿದ್ದರ ಕರಾರು ಮುಂದುವರಿಸಬೇಕು. ಒಂದ ಅಡಗಿಮನಿಯೊಳಗ ಎರಡು ಹೆಂಗಸರು ಅಂದ್ರ ಮತ್ತ ಬದುವಿನ ಜಗಳಾನ, ಅದಕ್ಕ ಹೊಸಾ ಜೋಡಿ ಮ್ಯಾಲೆ ಇರೂದು ಅಂತ ಕಾಕಾ ವಿವರಣಿ ಕೊಟ್ರು. ಹುಡುಗ ಕಾರಖಾನಿಯೊಳಗ ಇಂಜಿನಿಯರ್. ನೌಕರಿ ಚಲೋ, ಗುಣಾ ಚಲೋ, ಬಾಯಿ ಮಾತ್ರ ಇಲ್ಲ. ಬಾಳ ವರ್ಷದಿಂದ ಹೆಣ್ಣು ನೋಡಲಿಕ್ಕತ್ತೇವಿ ಅಂತ ಕಾಕೂ ನಿಟ್ಟುಸಿರು ಬಿಟ್ರು. ಅದನ್ನ ಕೇಳಿ ನಮ್ಮನಿಯವರು ಖುಷಿಲೆ ಸಹಿ ಮಾಡಿದ್ರು.

ಖುಷಿಗೆ ಕಾರಣ ಇತ್ತು. ಮಗಳು ಆ ವರ್ಷ ಹತ್ತನೇತ್ತೆ. ಮಾರ್ಚ್ ಪರೀಕ್ಷಾ ಮುಗಿಯೂ ತನಕ ಆ ಮನಿ ಬಿಡೂ ಪ್ರಸಂಗ ಬರಬಾರದು, ಅಷ್ಟ ನಮ್ಮ ಆಶಾ. ಮಂದಿ ದೇವರ ಮುಂದ ದೀಪಾ ಹಚ್ಚಿ ಲಗ್ನ ಆಗಲಿ ಅಂತ ಬೇಡಕೋತಾರ. ನಾವು ಗಂಡಾ-ಹೆಂಡತಿ ದೀಪಾ ಹಚ್ಚಿ ಮಂದಿ ಮಗನ ಲಗ್ನ ಒಂದೀಟು ತಡಾ ಆಗಲಿ ಅಂತ ಬೇಡಕೊಳ್ಳಾಕ ಶುರು ಮಾಡಿದ್ವಿ.

ಮನಿ ನೋಡೂ ಶಾಸ್ತ್ರ

ಹೆಣ್ಣಿನ ಕಡೆಯವರು ಬಂದು ವರನ ಮನಿ ನೋಡೂ ಪದ್ಧತಿ ನಿಮಗ ಗೊತ್ತದ. ಇಲ್ಲಿ ಒಂದು ತೊಡಕಿತ್ತು. ಲಗ್ನ ಆದ ಮ್ಯಾಲೆ ಹುಡುಗಿ ಇರೂದು ಮ್ಯಾಲಿನ ಮನಿಯೊಳಗ, ಅಂದ್ರ ನೋಡಬೇಕಾಗಿದ್ದು ನಮ್ಮ ಮನಿ. ಒಂದು ರವಿವಾರ ಕಾಕೂ ಮ್ಯಾಲೆ ಬಂದು, ಇವತ್ತ ಮಂದಿ ಬರತಾರ, ಮನಿ ಸ್ವಲ್ಪ ನೀಟ್ ಇಡ್ರಿ ಅಂತ ಹೇಳಿ ಹೋದ್ರು.

ಕಾಕೂ ಮೆಟ್ಟಲಾ ಇಳಿಯೂ ತಡಾ, ನಮ್ಮನಿಯವರು ಹಸಿ ಟಾವೆಲ್ ತಂದು ಹಾಲ್‌ನ ನಡುವ ಹಗ್ಗಾ ಕಟ್ಟಿ ಒಣಾ ಹಾಕಿದ್ರು. ಮನಿ ಸ್ವಚ್ಛ ಇಡಬೇಕು ಅಂತ ಕರಾರಿನ್ಯಾಗ ಎಲ್ಲಿ ಬರದದ ತೋರಸು ಅಂತ ನನಗ ವಾದಾ. ಅವರು ಹೇಳೂದು ಖರೇನ, ಎಲ್ಲೂ ಇರಲಿಲ್ಲ. ಆದ್ರ ಪರಊರಿನ ಹೆಂಗಸರು ನನ್ನ ಅಡಗಿಮನಿ ಹಣಕಿ ನೋಡಿ, ಧಾರವಾಡದಾಕಿ ಹೊಲಸು ಅಂತ ಮಾತಾಡಿದರ ಯಾರ ಮರ್ಯಾದಿ ಹೋಗೂದು? ಟಾವೆಲ್ ಕಿತ್ತೊಗದೆ. ಡಬ್ಬಿ ಎಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕಿದೆ. ನಮ್ಮನಿಯವರು ಮೂಲ್ಯಾಗ ಮೂತಿ ಇಳಿಬಿಟ್ಟು ಕೂತ್ರು.

ಹುಡುಗಿ ತಾಯಿ ಬಂದಾಕಿ ಗ್ಯಾಸ್ ಕಟ್ಟಿ ಮ್ಯಾಲೆ ಬೆರಳಾಡಿಸಿ ನೋಡಿದಳು, ಡಬ್ಬಿಯೊಳಗ ತನ್ನ ಮಾರಿ ನೋಡಕೊಂಡಳು, ಇಳದು ಹೋದಳು. ಮುಂದಿನ ವಾರ ಮಧ್ಯಸ್ಥನ ಕಡಿಂದ ನಿರೋಪ ಬಂತು. ಇಷ್ಟು ಸ್ವಚ್ಛ ಬೇಡೂ ಮನ್ಯಾಗ ನಮ್ಮ ಹುಡುಗಿ ತಿಕ್ಕಿ ತಿಕ್ಕಿ ಸವದು ಹೋಗ್ತಾಳ, ಸಂಬಂಧ ಬ್ಯಾಡ ಅಂತ. ಕಾಕೂ ಮ್ಯಾಲೆ ಬಂದು ಅಳೂ ದನೀಲೆ, ಮುಂದಿನ ಸಲ ಒಂದೀಟು ಹೊಲಸು ಇಡ್ರಿ ಅಂದ್ರು. ನಮ್ಮನಿಯವರು ಎದ್ದು ನಿಂತು, ಆ ಜವಾಬ್ದಾರಿ ನನ್ನ ಕಡೆ ಬಿಡ್ರಿ ಅಂತ ಮಾತು ಕೊಟ್ರು.

ಮುಂದಿನ ಸಲ ಬಂದವರು ದಿಂಡೋರಿಯವರು. ನಮ್ಮ ಮನಿ ಅವರಿಗೆ ಬಾಳ ಸೇರ್ತು. ನಾ ಮಾಡಿದ ಗಿರಮಿಟ್ ಎರಡೆರಡು ಸಲ ಹಾಕಿಸಿಕೊಂಡ್ರು, ನಮ್ಮನಿಯವರ ಜೋಡಿ ದ್ರಾಕ್ಷಿ ಬೆಳಿ ಬಗ್ಗೆ ಹರಟಿ ಹೊಡದ್ರು. ಊರಿಗೆ ಹೋಗಿ ಹೇಳಿ ಕಳಿಸಿದ್ದು ಏನಂದ್ರ, ಮನಿ ಚಲೋ, ಬಾಡಿಗಿದಾರರು ಚಲೋ, ಹುಡುಗನ್ನ ನೋಡೂದು ಮರತ ಹೋತು.

ದೇವರ ಜೋಡಿ ಕರಾರು

ಆಮ್ಯಾಲೆ ಔರಂಗಾಬಾದದಿಂದ ಒಂದು ಹೆಣ್ಣು ಬಂತು. ಈಗ ಛತ್ರಪತಿ ಸಂಭಾಜಿನಗರ ಅಂತಾರಲ್ಲ, ಅದ. ಹುಡುಗಿ ಶಾಲಿಯೊಳಗ ಗಣಿತ ಕಲಸಾಕಿ. ಹೆಣ್ಣು ನೋಡಾಕ ಹೋಗುವಾಗ, ನಮ್ಮ ಕಡೆ ಬಾಯಿ ಇದ್ದವರು ಒಬ್ಬರರೆ ಬೇಕು ಅಂತ ಕಾಕೂ ನಮ್ಮಿಬ್ಬರನ್ನೂ ಜೀಪಿನ್ಯಾಗ ತುಂಬಿಕೊಂಡ್ರು. ದಾರಿ ಮ್ಯಾಲೆ ವೇರೂಳ್, ಅಂದ್ರ ಎಲ್ಲೋರಾ, ಬಂತು. ಘೃಷ್ಣೇಶ್ವರನ ದರ್ಶನಕ್ಕ ಇಳದ್ವಿ.

ಅಲ್ಲಿ ಗಂಡಸರು ಅಂಗಿ ತಗದು ಒಳಗ ಹೋಗಬೇಕು. ಕಾಕಾ ಬರೀ ಮೈಲೆ ಕೈ ಜೋಡಿಸಿ ನಿಂತು, ಗಟ್ಟಿಯಾಗಿ ಹರಕಿ ಹೇಳಾಕ ಶುರು ಮಾಡಿದ್ರು. ಈ ಸಂಬಂಧ ಕೂಡಿದರ ರುದ್ರಾಭಿಷೇಕ. ಕೂಡಿ ಮುಹೂರ್ತದ ಮೊದಲ ಮುರದರ ಹರಕಿ ರದ್ದು. ಹೆಣ್ಣಿನ ಕಡೆಯವರು ತಡಾ ಮಾಡಿದರ ಅಭಿಷೇಕಾನೂ ಅಷ್ಟ ತಡಾ, ಅದಕ್ಕ ದೇವರು ಸಿಟ್ಟಾಗಬಾರದು. ಹಿಂದ ಪಾಳಿ ಬೆಳಕೋತ ಹೋತು. ಕಡಿಗೆ ಪೂಜಾರಿ, ದೇವರು ಸಹಿ ಮಾಡೂದಿಲ್ಲ ಕಾಕಾ, ಮುಂದ ನಡೀರಿ ಅಂತ ಭುಜಾ ಹಿಡದು ಸರಿಸಿದ್ರು.

ಕಾಕಾನ ಹಿಂದ ನಮ್ಮನಿಯವರು ಕಣ್ಣು ಮುಚ್ಚಿ ತುಟಿ ಅಲಗಾಡಿಸಲಿಕ್ಕತ್ತಿದ್ರು. ಏನು ಬೇಡಕೊಂಡ್ರು ಅಂತ ನಾ ಕೇಳಲಿಲ್ಲ. ಒಂದ ಕೋರ್ಟಿನೊಳಗ, ಒಂದ ಹೊತ್ತಿಗೆ, ಎರಡೂ ಪಕ್ಷದವರ ಅರ್ಜಿ. ಶಿವಾ ಅಂದ್ರ ಶಿವಾನರೆ ಏನು ಮಾಡಬೇಕು ಪಾಪ.

ಹುಡುಗಿ ಕೇಳಿದ ಪ್ರಶ್ನಿ

ಹುಡುಗಿ ಎಲ್ಲಾರಿಗೂ ಮನಸಿಗೆ ಬಂದಳು. ಎಂಟು ದಿನಕ್ಕ ತಾಯಿ ಜೋಡಿ ನಾಶಿಕ್‌ಗೆ ಮನಿ ನೋಡಾಕ ಬಂದಳು. ತಾಯಿ ಹಾಲ್‌ನೊಳಗ ಕೂತಾಗ ಇಕಿ ಸೀದಾ ನನ್ನ ಅಡಗಿಮನಿಗೆ ಬಂದು ಬಾಗಲಾ ಮುಂದ ಮಾಡಿದಳು.

"ಅಕ್ಕಾರ, ಖರೇ ಹೇಳ್ರಿ, ಕೆಳಗಿನವರು ಹೆಂಗ?"

ಒಳಗಿನ ಖೋಲ್ಯಾಗ ಮಗಳು ರೇಖಾಗಣಿತದ ಪ್ರಮೇಯ ಬಾಯಿಪಾಠ ಮಾಡಲಿಕ್ಕತ್ತಿದ್ದಳು. ನಾ ಏನೂ ಸುಳ್ಳು ಹೇಳೂದು ಬ್ಯಾಡಾಗಿತ್ತು, 'ನನಗೇನು ಗೊತ್ತವಾ, ಬ್ಯಾರೆ ಕಡೆ ಕೇಳು' ಅಂದಿದ್ದರೂ ಸಾಕಿತ್ತು, ಆ ಲಗ್ನ ಅಲ್ಲೇ ನಿಂತು ನಮ್ಮ ಮನಿ ಉಳೀತಿತ್ತು. ಖಿಡಕಿಯೊಳಗಿಂದ ನಮ್ಮನಿಯವರು ಕಣ್ಣಲೆ, ಹುಬ್ಬಲೆ, ಎಲ್ಲಾದರಲೆ ಅದನ್ನ ಹೇಳಲಿಕ್ಕತ್ತಿದ್ರು. ಆದ್ರ ಮಗಳಿಗೆ ಕಾಮಾಲಿ ಆದಾಗ ಪಥ್ಯದ ಅಡಗಿ ಮಾಡಿ ದಿನಾ ಮ್ಯಾಲೆ ಹತ್ತಿ ಬಂದವರು ಆ ಕಾಕೂ. ಅವರ ಮನಿ ನಾ ಹೆಂಗ ಮುರೀಲಿ?

ಅತ್ತಿ ಬಾಯಿ ಜೋರು, ಮನಸು ಬೆಣ್ಣಿ ಅಂದೆ. ಮಾವ ಕೆಮ್ಮೂದಕ್ಕೂ ಒಂದು ಕಲಮು ಬರೀತಾರ, ಆದ್ರ ಕೊಟ್ಟ ಮಾತು ತಪ್ಪೂದಿಲ್ಲ. ಹುಡುಗ ಮಾತಾಡೂದಿಲ್ಲ, ಉಂಡ ತಾಟು ತಾನ ತೊಳದಿಡ್ತಾನ ಅಂತ ಹೇಳಿದೆ. ಹುಡುಗಿ ಕಣ್ಣು ಅರಳಿದ್ವು. ಮಿಕ್ಕಿದ್ದು ಏನೂ ಕೇಳಲಿಲ್ಲ, ಕೆಳಗ ಹೋಗಿ ಹೂಂ ಅಂದಳು.

ಮಗಳು ಪುಸ್ತಕ ಮುಚ್ಚಿ, "ಮಮ್ಮಿ, ಆತಾ ಕುಠೇ ಜಾಯಚಂ?" ಅಂದಳು. ಇನ್ನ ಎಲ್ಲಿಗೆ ಹೋಗೂದು ಅಂತ. ಮನ್ಯಾಗ ಕನ್ನಡಾನ, ಆದ್ರ ಇಲ್ಲಿ ಶಾಲಿಯೊಳಗ ಮರಾಠಿ ಕಲತಾಗಿಂದ ದುಃಖ ಬಂದರ ಅದ ಬರತಿತ್ತು ಅಕಿಗೆ. ನಮ್ಮನಿಯವರು ಕಿರಾಣಿ ಅಂಗಡಿಂದ ಖಾಲಿ ರಟ್ಟಿನ ಖೋಕಾ ಹೊತ್ತು ತಂದು ನನ್ನ ಮುಂದ ಇಟ್ರು. ಜಾಹೀರಾತು ಕೊಟ್ಟಾಕಿ ನೀನ, ಸಾಮಾನು ಕಟ್ಟಾಕಿನೂ ನೀನ ಅಂದ್ರು.

ಯಾದಿ

ನಮ್ಮ ಕಡೆ 'ಯಾದಿ ಮ್ಯಾಲೆ ಶಾದಿ' ಅಂತಾರಲ್ಲ, ಅಲ್ಲೂ ಅದ ಪದ್ಧತಿ. ಲಗ್ನದಾಗ ಯಾರು ಏನು ಮಾಡಬೇಕು ಅಂತ ಎರಡೂ ಕಡೆಯವರು ಕೂತು ಬರದು ಸಹಿ ಮಾಡೂದು. ಕಾನೂನಿನಾಕಿ ಅಂತ ಪೆನ್ನು ನನ್ನ ಕೈಯಾಗ ಬಂತು. ಔರಂಗಾಬಾದಿನ ಅವರ ಪಡಸಾಲಿಯೊಳಗ ಕೂತು, ದಿಬ್ಬಣ ತಡಾ ಆದರ ಏನು, ಅಡಗಿ ಆಚಾರಿ ಕೈ ಕೊಟ್ಟರ ಏನು ಅಂತ ಕಾಕಾ ಹೇಳಿದಂಗ ಬರೀಲಿಕ್ಕತ್ತೆ. ಮನಸೆಲ್ಲಾ ಮಗಳ ಪರೀಕ್ಷಾದ ಕಡೆ.

ನಡುವ ಕಾಕೂ ನನ್ನ ಹಿತ್ತಲಕ್ಕ ಕರದ್ರು. ದನಿ ಇಳಿಸಿ ಹೇಳಿದ್ದಿಷ್ಟು: ಮ್ಯಾಲಿನ ಮನಿ ಬಿಡಬ್ಯಾಡ್ರಿ. ನಾಳೆ ಸೊಸಿ ಜೋಡಿ ಮಾತಿಗೆ ಮಾತು ಬಂದರ ನಾ ಎಲ್ಲಿಗೆ ಹೋಗ್ಲಿ? ತೌರಮನಿ ಎಂದೋ ಮುಗದದ. ಮ್ಯಾಲೆ ನೀವಿದ್ದರ ಬಂದು ಕೂಡತೇನಿ. ಹೂಂ ಅಂದು ಒಳಗ ಬರೂದಕ್ಕ, ದೇವರ ಖೋಲಿ ಕಡಿಂದ ಹುಡುಗಿ ಕೈ ಮಾಡಿ ಕರದಳು. ಅತ್ತಿ ಜೋಡಿ ಜಗಳಾದರ ಪ್ರತೀ ಸಲ ಔರಂಗಾಬಾದಕ್ಕ ಓಡಿ ಬರಾಕ ಆಗೂದಿಲ್ಲ, ನೀವು ಮ್ಯಾಲೆ ಇರ್ರಿ, ನಾವು ಕೆಳಗ ಅವರ ಜೋಡಿನ ಇರತೇವಿ ಅಂದಳು.

ನಾ ಮಾರಿ ಗಂಭೀರ ಮಾಡಕೊಂಡು ಬಂದು ಒಂದು ಕಲಮು ಬರದು ಓದಿದೆ. ಹೊಸಾ ಜೋಡಿ ಕೆಳಗ ಇರತಕ್ಕದ್ದು, ಬಾಡಿಗಿದಾರರು ಮ್ಯಾಲಿನ ಮನಿ ಬಿಡತಕ್ಕದ್ದಲ್ಲ. ಇದನ್ನ ಕೇಳಿದವರು ಯಾರು ಅಂತ ಕಾಕಾ ಗಾಬರಿ ಆದ್ರು. ಅತ್ತಿ ಮ್ಯಾಲೆ ಜಂತಿ ನೋಡಿದ್ರು, ಸೊಸಿ ನೆಲಾ ನೋಡಿದಳು. ಕಾಕಾ ವಿಚಾರ ಮಾಡಿ, ಹಂಗಾರ ಪೂರ್ತಿ ಬರೀರಿ ಅಂದ್ರು. ಅತ್ತಿ ಸಿಟ್ಟಾದರ ಮ್ಯಾಲೆ ಹೋಗಿ ಚಹಾದ ಹೊತ್ತಿಗೆ ಕೆಳಗ ಬರಬೇಕು. ಸೊಸಿ ಸಿಟ್ಟಾದರ ಮ್ಯಾಲೆ ಹೋಗಿ ಊಟದ ಹೊತ್ತಿಗೆ ಬರಬೇಕು. ಬಾಡಿಗಿದಾರರು ಚಹಾ ಕೊಡಬಹುದು, ಯಾರ ಪಕ್ಷಾನೂ ಹಿಡಿಬಾರದು.

ಮನಿ ಬಿಡ್ರಿ ಅನ್ನೂ ಮಾಲಕರು ಊರ ತುಂಬ ಇದ್ದಾರ. ಬಿಟ್ಟರ ನೋಡ್ರಿ ಅನ್ನೂ ಮಾಲಕರು ನಮಗಷ್ಟ ಸಿಕ್ರು. ಸಾಕ್ಷಿದಾರರ ಸಹಿ ಅನ್ನೂದರೊಳಗ ನಮ್ಮನಿಯವರು ನನ್ನ ಕೈಯಾಗಿನ ಪೆನ್ನು ಕಸಗೊಂಡ್ರು.

ಬರೀಲಾರದ ಕಲಮು

ಲಗ್ನ ಆತು, ಸೊಸಿ ಬಂದಳು, ಕರಾರು ಗಡಿಯಾರದಂಗ ನಡೀತು. ಕಾಕೂ ಸಿಟ್ಟಾದ ದಿನಾ ಮ್ಯಾಲೆ ಬಂದು ಬಟಾಣಿ ಸುಲದು, ಸೊಸಿ ಮ್ಯಾಲೆ ಚಾಡಿ ಹೇಳಿ, ಚಹಾದ ಹೊತ್ತಿಗೆ ಇಳೀತಿದ್ರು. ಸೊಸಿ ಸಿಟ್ಟಾದ ದಿನಾ ಬಂದು ಅದ ಸಿಟ್ಟಿನ್ಯಾಗ ನನ್ನ ಮಗಳಿಗೆ ಗಣಿತ ಕಲಸ್ತಿದ್ದಳು. ಪರೀಕ್ಷಾ ಹತ್ತರ ಬಂದಂಗ ಮಗಳು ಕೆಳಗ ಕಿವಿಗೊಟ್ಟು, ಇವತ್ತ ಜಗಳಾ ಇಲ್ಲೇನು, ಎರಡು ಪ್ರಮೇಯ ಉಳದಾವ ಅಂತ ಚಡಪಡಸ್ತಿದ್ದಳು.

ಒಂದು ರವಿವಾರ ಮಧ್ಯಾಹ್ನ ಅತ್ತಿ-ಸೊಸಿ ಇಬ್ಬರೂ ಕೂಡೇ ಮೆಟ್ಟಲಾ ಹತ್ತಿ ಬಂದ್ರು. ನನಗ ಗಾಬರಿ ಆತು. ಏನಾಗಿತ್ತಂದ್ರ, ಕಾಕಾ ಮುಂಜಾನೆ ಎದ್ದು ಟೇಪು ಹಿಡದು ಅಡಗಿಮನಿ ಕಟ್ಟಿ ಅಳದು, ಬರೋಬ್ಬರಿ ನಡುವ ಸುಣ್ಣದ ಗೆರಿ ಎಳದು ಬಿಟ್ಟಿದ್ರು. ಆ ಕಡೆ ಅತ್ತಿದು, ಈ ಕಡೆ ಸೊಸಿದು. ಯಾರ ಪಾತ್ರಿ ಗೆರಿ ದಾಟಿದರ ಏನು ಅಂತ ಒಂದು ಕಾಗದಾ ಬರದು ಗ್ವಾಡಿಗೆ ಅಂಟಿಸಿದ್ರು. ಇಬ್ಬರೂ ಓದಿದ್ರು, ಇಬ್ಬರೂ ಗ್ಯಾಸ್ ಆರಿಸಿದ್ರು, ಅರ್ಧಾ ಬೆಂದ ಪಲ್ಯಾ ತಗೊಂಡು ಮ್ಯಾಲೆ ಬಂದ್ರು. ನನ್ನ ಒಲಿ ಮ್ಯಾಲೆ ಅತ್ತಿ ಭಕ್ಕರಿ ಬಡದ್ರು, ಸೊಸಿ ಬೇಯಿಸಿದಳು, ಒಂದ ಕಟ್ಟಿ ಮ್ಯಾಲೆ, ನಕ್ಕೋತ. ಹಿಂದಿಂದ ಮಗಾನೂ ಮಾತಾಡದ ಬಂದು ಪಂಕ್ತ್ಯಾಗ ಕೂತ.

ಬಾಗಲದಾಗ ಕಾಕಾ ಬಂದು ನಿಂತ್ರು. ಕೈಯಾಗ ಯಾದಿ. ಕಣ್ಣಾಗ ನೀರು ಬರೂದೊಂದು ಬಾಕಿ.

"ಮ್ಯಾಡಮ್, ಅತ್ತಿ ಸಿಟ್ಟಾದರ ಏನು ಅಂತ ಬರದದ. ಸೊಸಿ ಸಿಟ್ಟಾದರ ಏನು ಅಂತಾನೂ ಬರದದ. ಇಬ್ಬರೂ ಒಂದಾದರ ನಾ ಎಲ್ಲಿಗೆ ಹೋಗಬೇಕು ಅಂತ ಬರದೇ ಇಲ್ಲಲ್ಲ."

ಖರೇನ ಬರದಿರಲಿಲ್ಲ. ಅಂಥಾದ್ದೊಂದು ಆದೀತು ಅಂತ ಅವರಿಗೂ ಹೊಳದಿರಲಿಲ್ಲ, ನನಗೂ ಹೊಳದಿರಲಿಲ್ಲ. ನಾ ಬಾಯಿ ತಗಿಯೂ ಮೊದಲ ಒಳಗಿಂದ ಕಾಕೂ, ಭಕ್ಕರಿ ಬಡಿಯೂದು ನಿಲ್ಲಿಸದ, ಆ ಕಲಮು ಹೇಳಿಬಿಟ್ರು. ಗ್ವಾಡಿ ಮ್ಯಾಲಿನ ಕಾಗದಾ ಹರದು ಬಂದರ ಊಟಾ, ಹರೀದಿದ್ದರ ಕೆಳಗ ಉಪಾಸ.

ಕಾಕಾ ಒಂದು ಮೆಟ್ಟಲಾ ಇಳದ್ರು, ನಿಂತ್ರು. ಭಕ್ಕರಿ ವಾಸನಿ ಬಂತು, ಮತ್ತ ಹತ್ತಿ ಬಂದ್ರು. ಬಾಳ ಹೊತ್ತು ವಿಚಾರ ಮಾಡಿ, ಒಳಗ ಕೇಳಬಾರದು ಅಂತ ನನ್ನ ಹತ್ತರ ಬಗ್ಗಿ ಸಣ್ಣ ದನೀಲೆ ಕೇಳಿದ್ರು:

"ಅರ್ಧಾ ಹರದರ?"