ಎರಡು ಸಲ ಸರಿಪಡಿಸಿದ ಗೆಲಾಕ್ಸಿಗಳು

ಬೆಳಗಾದಾಗಿನಿಂದ ನಮ್ಮ ಖಗೋಳ ಪಂಡಿತರು ಕಾಲು ಸುಟ್ಟ ಬೆಕ್ಕಿನ ಹಾಗೆ ಮನೆಯೆಲ್ಲ ಓಡಾಡುತ್ತಿದ್ದರು. ದೂರದರ್ಶಕದ ಸಮೀಕ್ಷೆಯಿಂದ ಬಂದ ಇಪ್ಪತ್ತು ಸಾವಿರ ಗೆಲಾಕ್ಸಿಗಳನ್ನು ಕೆಂಪಿನವು, ನೀಲಿಯವು ಎಂದು ಎರಡು ಪಟ್ಟಿ ಮಾಡಿ ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಮುಖ್ಯಸ್ಥೆಗೆ ಕಳಿಸಬೇಕು. ಹೋದ ಸಲ ಎಡವಟ್ಟಾಗಿತ್ತು. ಈ ಸಲವೂ ತಪ್ಪಿದರೆ ಕೆಲಸ ಬೇರೆಯವರ ಪಾಲು ಎಂದು ಆಕೆ ಖಡಾಖಂಡಿತವಾಗಿ ಹೇಳಿದ್ದರು.

ಕಾಫಿ ತಂದ ಹೆಂಡತಿ (ಬಣ್ಣದಂಗಡಿಯಲ್ಲಿ ಗಿರಾಕಿಗಳಿಗೆ ಬಣ್ಣ ಬೆರೆಸಿಕೊಡುವ ಕೆಲಸ ಆಕೆಯದು) ಲ್ಯಾಪ್‌ಟಾಪಿನತ್ತ ಬಗ್ಗಿದಳು.

"ರೀ, ಫೋಟೋದಲ್ಲಿ ಇದು ಇಟ್ಟಿಗೆ ಥರ ಕೆಂಪಗಿದೆ. ನೀವು ನೀಲಿ ಪಟ್ಟೀಲಿ ಹಾಕಿದೀರಲ್ಲ?"

"ನಿನ್ನ ಡಬ್ಬಿ ಬಣ್ಣ ಅಲ್ಲ ಕಣೇ ಇದು! ಕಣ್ಣು ಮೋಸ ಮಾಡುತ್ತೆ, ಅಂಕೆ ಮಾಡಲ್ಲ. ಹಸಿರು ಫಿಲ್ಟರಿನ ಅಂಕೆ, ಕೆಂಪು ಫಿಲ್ಟರಿನ ಅಂಕೆ, ಒಂದರಲ್ಲಿ ಒಂದು ಕಳೆದ್ರೆ ಮುಗೀತು. ಹೆಚ್ಚು ಬಂದ್ರೆ ಕೆಂಪು, ಕಡಿಮೆ ಬಂದ್ರೆ ನೀಲಿ."

"ಯಾವುದರಲ್ಲಿ ಯಾವುದು?"

"ಇಪ್ಪತ್ತು ವರ್ಷದಿಂದ ಇದೇ ಮಾಡ್ತಿದೀನಿ, ನನಗೇ ಪಾಠ ಹೇಳ್ಬೇಡ!" ಎಂದು ಗುಡುಗಿ, ಟವೆಲ್ ಎಳೆದುಕೊಂಡು ಸ್ನಾನಕ್ಕೆ ನಡೆದರು.

ತಲೆಯ ಮೇಲೆ ನೀರು ಬಿದ್ದದ್ದೇ ತಡ, ತಪ್ಪು ಹೊಳೆಯಿತು. ಹಸಿರಿನಿಂದ ಕೆಂಪನ್ನು ಕಳೆಯಬೇಕಿತ್ತು. ತಾವು ಕೆಂಪಿನಿಂದ ಹಸಿರನ್ನು ಕಳೆದಿದ್ದರು! ಅಷ್ಟೂ ಗೆಲಾಕ್ಸಿಗಳು ಅದಲುಬದಲು. ಆದರೆ ಒಪ್ಪಿಕೊಳ್ಳುವುದು ಹೇಗೆ? ಬಣ್ಣದಂಗಡಿಯ ಮುಂದೆ ಖಗೋಳಶಾಸ್ತ್ರ ತಲೆ ತಗ್ಗಿಸುವುದುಂಟೆ?

ಹೆಂಡತಿ ಅಡುಗೆಮನೆಯಲ್ಲಿದ್ದಾಗ ಕಳ್ಳಹೆಜ್ಜೆ ಇಟ್ಟು ಬಂದು ಲೆಕ್ಕ ತಿರುಗಿಸಿದರು. ಎಡಗಡೆಯವೆಲ್ಲ ಬಲಗಡೆಗೆ, ಬಲಗಡೆಯವೆಲ್ಲ ಎಡಗಡೆಗೆ ಹಾರಿದವು. ಉಳಿದದ್ದು ಐದೇ ನಿಮಿಷ. ಇನ್ನೊಮ್ಮೆ ನೋಡದೆ ಕಳಿಸಿಯೇ ಬಿಟ್ಟರು.

ಹನ್ನೆರಡೂಕಾಲಿಗೆ ಮುಖ್ಯಸ್ಥೆಯ ಫೋನು. ಪಂಡಿತರು ತಲೆ ಒರೆಸುತ್ತ ಸ್ಪೀಕರಿಗೆ ಹಾಕಿದರು.

"ಏನ್ರೀ ಇದು, ಕೆಂಪಿನವೆಲ್ಲ ನೀಲಿ ಅಂತ ಕಳಿಸಿದೀರ?"

"ಸಾಧ್ಯವೇ ಇಲ್ಲ ಮೇಡಂ! ಈಗ ತಾನೇ ಸರಿ ಮಾಡಿದೆ!"

ಹೆಂಡತಿ ಸೌಟು ಹಿಡಿದೇ ಓಡಿಬಂದಳು. "ಅಯ್ಯೋ, ನೀವೂ ಸರಿ ಮಾಡಿದ್ರಾ? ನೀವು ಸ್ನಾನಕ್ಕೆ ಹೋದಾಗ್ಲೇ ಪಟ್ಟಿ ಮೇಲಿದ್ದ ಕೆಂಪು, ನೀಲಿ ಅನ್ನೋ ಹೆಸರೆರಡನ್ನೂ ನಾನು ಅದಲುಬದಲು ಮಾಡಿದ್ನಲ್ರೀ!"

"ನನಗೊಂದು ಮಾತು ಹೇಳಬಾರದಿತ್ತೇನೇ?"

"ನಾನು ಹೇಳಿದ್ದೇ ಸರಿ ಅಂತ ನೀವೊಂದು ಮಾತು ಅನ್ನಬಾರದಿತ್ತಾ?"

ಕೆಲಸ ಹೋಯಿತು, ಮಾನವೂ ಹೋಯಿತು ಎಂದು ಪಂಡಿತರು ಕುರ್ಚಿಯಲ್ಲಿ ಕುಸಿದರು.

"ಇನ್ನೊಂದು ಗಂಟೆ ಕೊಡ್ತೀನಿ," ಎಂದರು ಮುಖ್ಯಸ್ಥೆ. "ಆದ್ರೆ ಇನ್ಮೇಲೆ ನಿಮ್ಮ ಮನೆಯವರು ನೋಡಿ ಒಪ್ಪಿದ್ಮೇಲೇ ಪಟ್ಟಿ ನನಗೆ ಬರಬೇಕು. ಫೋನ್ ಅವರಿಗೆ ಕೊಡಿ."

ಹೆಂಡತಿ ಸೌಟನ್ನು ಪಂಡಿತರ ಕೈಗಿಟ್ಟು ಫೋನು ತೆಗೆದುಕೊಂಡಳು.

"ಒಲೆ ಮೇಲೆ ಈರುಳ್ಳಿ ಇದೆ, ಕೈಯಾಡಿಸ್ತಾ ಇರಿ. ಕೆಂಪಗಾದ ತಕ್ಷಣ ನನ್ನನ್ನ ಕರೀರಿ" ಎಂದವಳು ಒಂದು ಗಳಿಗೆ ಅವರ ಮುಖ ನೋಡಿದಳು. "ಬೇಡ ಬಿಡಿ, ನಾನೇ ಬಂದು ನೋಡ್ತೀನಿ."