ಫ್ಯಾನ್ ಹಾಕಲು ಕೇಳಬಾರದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬೆಂಗಳೂರಿನ ಎಷ್ಟೋ ಮಂದಿ ಮರ್ಯಾದಸ್ಥರು ವಾರಾಂತ್ಯದ ವಿಶ್ರಾಂತಿಗೆಂದು ಗೌನಿಪಲ್ಲಿಯ ಕಡೆ ಬಂದು, ನಸುಕಿನಲ್ಲೇ ಗಂಟೆಯ ಸದ್ದಿಗೆ ಎದ್ದು, ಟವೆಲ್ ಹೆಗಲಿಗೆ ಹಾಕಿಕೊಂಡು ಬಚ್ಚಲುಮನೆಯ ಮುಂದೆ ಸಾಲಾಗಿ ನಿಂತದ್ದಕ್ಕೆ ನಾನೇ ಕಾರಣ. ನನ್ನ ಸೋದರತ್ತೆಯ ಮನೆಯ ಫೋಟೋಗಳನ್ನು ರೂಮು ಬಾಡಿಗೆಗೆ ಕೊಡುವ ಆ್ಯಪಿಗೆ ಹಾಕಿದವನು ನಾನು. ಆತಿಥೇಯರ ಪರಿಚಯ ಕೇಳಿದ ಜಾಗದಲ್ಲಿ ‘ಮಿತಭಾಷಿ, ಮಾತೃಹೃದಯಿ, ಅತಿಥಿಗಳ ಏಕಾಂತವನ್ನು ಗೌರವಿಸುವವರು’ ಎಂದು ಬರೆದವನೂ ನಾನೇ. ಮೂರರಲ್ಲಿ ಒಂದಾದರೂ ನಿಜವಾಗಿರಲಿ ಎಂಬ ಹಟ ನನಗಿರಲಿಲ್ಲ. ತಮಾಷೆಗೆ ಬರೆದದ್ದು. ಆ ಮಾವಿನ ತೋಪುಗಳ ನಡುವೆ ಯಾರು ಬಂದು ಮಲಗುತ್ತಾರೆ ಎಂಬ ಧೈರ್ಯ. ಬಂದರು. ಬಂದವರಿಗೆ ಅತ್ತೆ ಹಾಜರಿ ಹಾಕಿದಳು.

ಹೌದು, ಹಾಜರಿ. ಶ್ರೀನಿವಾಸಪುರ ತಾಲೂಕಿನಲ್ಲಿ ನೆಂಟರನ್ನು ಕಂಡರೆ ನೀರು ಕೊಡುವವರಿದ್ದಾರೆ, ಬಾಗಿಲು ಹಾಕಿಕೊಳ್ಳುವವರೂ ಇದ್ದಾರೆ. ಹೆಸರು ಕೂಗಿ ‘ಎಸ್ ಮೇಡಂ’ ಅನ್ನಿಸಿಕೊಳ್ಳುವವಳು ನಮ್ಮತ್ತೆ ಒಬ್ಬಳೇ. ತಪ್ಪು ಅವಳದಲ್ಲ. ನೌಕರಿಯ ಆಯುಷ್ಯವನ್ನೆಲ್ಲ ಮುಳಬಾಗಿಲಿನ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ವಾರ್ಡನ್ ಆಗಿ ಕಳೆದವಳು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ನೂರು ಹುಡುಗೀರನ್ನ ಸಾಕ್ತಾ ಇದೀನಿ, ಮಧ್ಯೆ ಒಬ್ಬ ಗಂಡಸನ್ನ ಎಲ್ಲಿ ಮಲಗಿಸ್ಲಿ?” ಎನ್ನುತ್ತಿದ್ದಳು. ಕೇಳಿದವರು ಮತ್ತೆ ಕೇಳುತ್ತಿರಲಿಲ್ಲ. ಅತ್ತೆಯ ಮಾತೆಲ್ಲ ‘ಅರ್ಥ ಆಯ್ತಾ?’ ಎಂಬಲ್ಲಿಗೆ ಮುಗಿಯುತ್ತದೆ. ಅದು ಪ್ರಶ್ನೆಯಲ್ಲ, ಬೀಗ. ಮಾಮೂಲಾಗಿ ಬೈಯುವುದು ಕನ್ನಡದಲ್ಲಿ, ನಿಜವಾಗಿ ಕೋಪ ಬಂದರೆ ತೆಲುಗಿನಲ್ಲಿ. ಗಡಿ ಸೀಮೆಯ ಹುಡುಗಿಯರಿಗೆ ಎರಡೂ ಅರ್ಥವಾಗುತ್ತಿತ್ತಾದ್ದರಿಂದ ಯಾರಿಗೂ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಇಂಥ ಹೆಂಗಸು ರಜೆಗೆ ಮಾಲೂರಿನ ನಮ್ಮ ಮನೆಗೆ ಬಂದಾಗ ಮಾತ್ರ ಬೇರೆಯೇ ಆಗಿಬಿಡುತ್ತಿದ್ದಳು. ಹಾಲ್‌ನಲ್ಲಿ ಟೀವಿಯ ಪಕ್ಕ ಅವಳ ತಗಡಿನ ಟ್ರಂಕು. ನಾವೆಲ್ಲ ಟೀವಿ ಮುಗಿಸಿ ಎದ್ದ ಮೇಲೆ ಅಲ್ಲೇ ಅವಳ ಚಾಪೆ. ಮಲಗುವ ಮುಂಚೆ ಸ್ವಿಚ್ಚಿನ ಹತ್ತಿರ ನಿಂತು, ಅಪ್ಪನ ಕೋಣೆಯ ಕಡೆ ಮುಖ ಮಾಡಿ, ಸಣ್ಣ ದನಿಯಲ್ಲಿ ಕೇಳುತ್ತಿದ್ದಳು: “ಫ್ಯಾನ್ ಹಾಕ್ಕೊಳ್ಳಲೇನೋ?” ನೂರು ಹುಡುಗಿಯರನ್ನು ನಡುಗಿಸುವವಳು ಒಂದು ಫ್ಯಾನಿಗೆ ಅನುಮತಿ ಕೇಳುವುದು ನನಗೆ ಲೋಕದ ಅತಿ ದೊಡ್ಡ ಜೋಕಾಗಿ ಕಂಡಿತ್ತು. ನಾನು ಮಾಡಿದ ಮೊಟ್ಟಮೊದಲ ಮಿಮಿಕ್ರಿ ಅದೇ. ದನಿ ಸಣ್ಣ ಮಾಡಿ, ಕತ್ತು ಓರೆ ಮಾಡಿ, ಬೆರಳನ್ನು ಸ್ವಿಚ್ಚಿನಿಂದ ಒಂದು ಅಂಗುಲ ದೂರ ಹಿಡಿದು, “ಫ್ಯಾನ್ ಹಾಕ್ಕೊಳ್ಳಲೇನೋ?” ಮನೆಮಂದಿಯೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆಯೂ ನಕ್ಕಳು. ಆಮೇಲೆ ಪ್ರತಿ ಮದುವೆ, ಪ್ರತಿ ನಾಮಕರಣದಲ್ಲೂ ‘ಲೇ, ನಿಮ್ಮತ್ತೆ ಫ್ಯಾನ್ ಐಟಂ ಮಾಡೋ’ ಎನ್ನುವವರು ಇದ್ದೇ ಇರುತ್ತಿದ್ದರು. ನನ್ನ ಪ್ರತಿಭೆಯ ಬುಡ ಒಂದು ಸೀಲಿಂಗ್ ಫ್ಯಾನು, ಏನು ಮಾಡೋದು.

ನಿವೃತ್ತಿಯಾದಾಗ ಹಾಸ್ಟೆಲಿನ ಹುಡುಗಿಯರು ಅತ್ತೆಗೆ ಶಾಲು ಹೊದಿಸಿ, ಒಂದು ಹಿತ್ತಾಳೆ ಗಂಟೆಯನ್ನು ಉಡುಗೊರೆ ಕೊಟ್ಟರು. ಪ್ರೀತಿಗೋ ಸೇಡಿಗೋ ಗೊತ್ತಿಲ್ಲ. ಅತ್ತೆ ಶಾಲನ್ನು ಟ್ರಂಕಿಗೆ ಹಾಕಿದಳು. ಬಂದ ಹಣದಲ್ಲಿ ಗೌನಿಪಲ್ಲಿಯ ಆಚೆ ಯಾರದೋ ತೋಪಿನ ಅಂಚಿನಲ್ಲಿದ್ದ ಚಿಕ್ಕ ಮನೆಯೊಂದನ್ನು ಕೊಂಡು, ಅಂಗಳದ ಮಾವಿನ ಮರಕ್ಕೆ ಗಂಟೆ ಕಟ್ಟಿದಳು. ಹೊಡೆದಳು. ಏಳುವವರು ಯಾರೂ ಇರಲಿಲ್ಲ. ಕೆಲವು ತಿಂಗಳು ಹೀಗೆ ಮರಕ್ಕೇ ಗಂಟೆ ಹೊಡೆದ ಮೇಲೆ ನನಗೆ ಫೋನು ಮಾಡಿದಳು: “ಅದೇನೋ ಆ್ಯಪ್ ಇದೆಯಂತಲ್ಲ, ರೂಮ್ ಕೊಡೋದು. ಎರಡು ರೂಮು ಸುಮ್ನೆ ಬಿದ್ದಿದಾವೆ. ಹಾಕು. ಅರ್ಥ ಆಯ್ತಾ?”

ಹಾಕಿದೆ. ಇಷ್ಟಕ್ಕೇ ಬಿಡಲಿಲ್ಲ. “ಫೋನ್ ಬಂದ್ರೆ ನೀನೇ ಮಾತಾಡು. ಹೆಂಗೂ ನನ್ ಥರ ಮಾತಾಡಿ ಊರೆಲ್ಲ ನಗಿಸ್ತೀಯಲ್ಲ, ಬಿಟ್ಟಿ ಯಾಕ್ ಹೋಗ್ಬೇಕು ಆ ವಿದ್ಯೆ?” ಹೀಗೆ ಮಾಲೂರಿನಲ್ಲಿ ಕೂತು ನಾನು ಅತ್ತೆಯ ದನಿಯಲ್ಲಿ, ಅತ್ತೆಯ ಬಾಯಿಂದ ಎಂದೂ ಬರದಂಥ ಸಕ್ಕರೆ ಮಾತುಗಳನ್ನು ಆಡಿ, ಬುಕಿಂಗ್ ಹಿಡಿಯತೊಡಗಿದೆ. ಮೊದಲ ಗಿರಾಕಿ ಬಂದ ದಿನ ನಾನೂ ಅಲ್ಲಿದ್ದೆ. ಲ್ಯಾಪ್‌ಟಾಪ್ ಚೀಲದ ಹುಡುಗ ಗೇಟು ತೆಗೆದು ಕೈ ಮುಗಿದು, “ಫೋನಲ್ಲಿ ಎಷ್ಟು ಸ್ವೀಟಾಗಿ ಮಾತಾಡಿದ್ರಿ ಆಂಟಿ” ಎಂದ. ಅತ್ತೆ ನನ್ನ ಕಡೆ ಬೆರಳು ತೋರಿಸಿದಳು.

“ಅದು ಇವನು. ನಾನು ಹೀಗೇನೇ. ಚಪ್ಪಲಿ ಆಚೆ ಬಿಡು. ಲೋಕಲ್ ಗಾರ್ಡಿಯನ್ ಯಾರು?”

“ಲೋಕಲ್... ಏನು ಆಂಟಿ?”

“ಏನಾದ್ರೂ ಆದ್ರೆ ಯಾರಿಗೆ ಹೇಳ್ಲಿ? ನಿಮ್ಮಪ್ಪ ಎಲ್ಲಿರೋದು?”

ಹುಡುಗ ಅಪ್ಪನ ನಂಬರು ಕೊಟ್ಟ. ಕೊಡುವ ಅಗತ್ಯವಿರಲಿಲ್ಲ, ಆದರೆ ಕೊಟ್ಟ. ಆ ದನಿ ಕೇಳಿದರೆ ನಂಗಲಿ ಚೆಕ್‌ಪೋಸ್ಟಿನ ಲಾರಿ ಡ್ರೈವರುಗಳೂ ಅಪ್ಪನ ನಂಬರು ಕೊಡುತ್ತಾರೆ. ಅವನೇನೋ ಮರದ ಕೆಳಗೆ ಕೂತು ಕೆಲಸ ಮಾಡುವ ಕನಸು ಕಟ್ಟಿಕೊಂಡು ಬಂದಿದ್ದ. ರಾತ್ರಿ ಒಂಬತ್ತಕ್ಕೆ ದೀಪ ಆರಿಸಿದಾಗಲೂ ಅವನ ಕೋಣೆಯಲ್ಲಿ ಪರದೆ ಮಿನುಗುತ್ತಿತ್ತು. “ಏಂ ರಾ, ಇಂಕಾ ಪಡುಕೋಲೇದಾ?” ಎಂದು ತೆಲುಗು ಹೊರಟಿತು. ಇನ್ನೂ ಮಲಗಲಿಲ್ಲವೇನೋ ಎಂದು ತನ್ನನ್ನು ಯಾರಾದರೂ ಕೇಳಿ ಹತ್ತು ವರ್ಷವಾಗಿತ್ತು ಎಂದು ಆ ಹುಡುಗ ಬೆಳಿಗ್ಗೆ ತಟ್ಟೆ ತೊಳೆಯುತ್ತಾ ಹೇಳಿದ. ಹೌದು, ಅಲ್ಲಿ ಉಂಡವರೇ ತಟ್ಟೆ ತೊಳೆಯಬೇಕು. ಮುದ್ದೆ ಬಿಟ್ಟರೆ ಏಳುವ ಹಾಗಿಲ್ಲ. ದಂಪತಿಗಳು ಬಂದರೆ ಮದುವೆ ಎಲ್ಲಿ ಆಯಿತು, ಅಡುಗೆ ಯಾರದು, ಬಡಿಸಿದ್ದೇನು ಎಂಬುದನ್ನೆಲ್ಲ ಒಪ್ಪಿಸಬೇಕು. ಏಕಾಂತವನ್ನು ಗೌರವಿಸುವವಳು, ನಮ್ಮತ್ತೆ!

‘ಮನೆಯಂತಿಲ್ಲ, ಜೈಲಿನಂತಿದೆ. ಮಾವಿನಕಾಯಿ ಹಾಕಿದ ಬೇಳೆ ಪಪ್ಪು ಮಾತ್ರ ಅದ್ಭುತ’ ಎಂದು ಒಬ್ಬರು ಬರೆದರು. ಬರೆದವರ ದನಿಯನ್ನು ಊಹಿಸಿಕೊಂಡು, ಮೂಗಿನಲ್ಲಿ ಮಾತಾಡುತ್ತಾ ಅದನ್ನು ಅತ್ತೆಗೆ ಓದಿ ಹೇಳಿದೆ. ಬೇಸರಪಡುತ್ತಾಳೆಂದುಕೊಂಡರೆ ಮುಖ ಅರಳಿತು. “ಮೊದಮೊದಲು ಹಂಗೇ ಬರೀತವೆ ಹಾಸ್ಟೆಲ್ ಮಕ್ಕಳು, ಮನೇಗೆ ಕಾಗದ. ಆಮೇಲೆ ಹೊಂದ್ಕೋತವೆ.” ಎರಡು ದಿನಕ್ಕೆ ಬಂದವರು ಯಾವ ಪುರುಷಾರ್ಥಕ್ಕೆ ಹೊಂದಿಕೊಳ್ಳಬೇಕು? ಕೇಳಿದವರಿಲ್ಲ.

ಈಗ ಬೋರ್ಡಿನ ಕಥೆ. ಬಾಗಿಲ ಪಕ್ಕ ಅತ್ತೆ ಒಂದು ಕಪ್ಪು ಹಲಗೆ ತೂಗುಹಾಕಿ, ದುಂಡಗಿನ ಅಕ್ಷರದಲ್ಲಿ ನಿಯಮಗಳನ್ನು ಬರೆದಿದ್ದಳು. ತಡವಾಗಿ ಬರಬಾರದು. ಅನ್ನ ಚೆಲ್ಲಬಾರದು. ಹಸಿ ಟವೆಲನ್ನು ಹಾಸಿಗೆಯ ಮೇಲೆ ಹಾಕಬಾರದು. ಎಲ್ಲಕ್ಕಿಂತ ಕೆಳಗೆ, ಒಂದು ಗೆರೆ ಎಳೆದು, ಫ್ಯಾನ್ ಹಾಕಲು ಕೇಳಬಾರದು. ಕನ್ನಡ ಬರದವರಿಗಾಗಿ ಇಂಗ್ಲಿಷು ಮಾಡಿಕೊಡು ಎಂದಳು. ನಾನು ಪಕ್ಕದಲ್ಲೇ ಸೀಮೆಸುಣ್ಣದಲ್ಲಿ ಬರೆದೆ: ‘ಡು ನಾಟ್ ಆಸ್ಕ್ ಫಾರ್ ಫ್ಯಾನ್’. ಎಂಥ ಜಿಪುಣಿ, ಕರೆಂಟು ಉಳಿಸುತ್ತಿದ್ದಾಳೆ ಎಂದುಕೊಂಡು, ಹೊಸ ಐಟಂ ಸಿಕ್ಕಿದ ಖುಷಿಯಲ್ಲಿ ಮಾಲೂರಿಗೆ ಬಂದೆ.

ಮಾವಿನ ಕಾಲ. ಶ್ರೀನಿವಾಸಪುರದ ಸೆಕೆ ಹೇಗಿರುತ್ತದೆಂದರೆ ಮರದಲ್ಲೇ ಕಾಯಿ ಬೇಯುತ್ತದೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಬಂದಿಳಿದು, ಬೋರ್ಡು ಓದಿ, ವಿಧೇಯತೆಯಿಂದ ಫ್ಯಾನಿಲ್ಲದೆ ಮಲಗಲು ಹೋಗಿ, ಆಗದೆ, ಜಗುಲಿಗೆ ಬಂದು ಹಳೇ ಪೇಪರಿನಿಂದ ಗಾಳಿ ಬೀಸಿಕೊಂಡು ಬೆಳಗು ಮಾಡಿತು. ಗಂಟೆ ಹೊಡೆಯಲು ಬಂದ ಅತ್ತೆ ಅವರನ್ನು ನೋಡಿ ನಿಂತಳು. ಆ ಸಂಭಾಷಣೆಯನ್ನು ಆ ಗಂಡ ನನಗೆ ಫೋನಿನಲ್ಲಿ, ಬುಕಿಂಗಿನ ದಿನ ಅತ್ತೆಯ ದನಿಯಲ್ಲಿ ಮಾತಾಡಿದವನೂ ನಾನೇ ಎಂದು ತಿಳಿಯದೆ, ಒಪ್ಪಿಸಿದ.

“ರೂಮಲ್ಲಿ ಫ್ಯಾನ್ ಕೆಟ್ಟಿದೆಯಾ?” ಎಂದಳಂತೆ ಅತ್ತೆ.

“ಇಲ್ಲ ಆಂಟಿ. ಕೇಳಬಾರ್ದು ಅಂತ ಬರ್ದಿದೀರಲ್ಲ.”

“ಹೌದು, ಕೇಳಬಾರ್ದು.”

“ಅದಕ್ಕೇ ಕೇಳ್ಲಿಲ್ಲ.”

“ಕೇಳ್ದೆ ಹಾಕ್ಕೊಳ್ಳೋಕೇನ್ರೋ ರೋಗ?”

“ಬೇರೆಯವ್ರ ಮನೇಲಿ ಕೇಳ್ದೆ ಹೆಂಗ್ ಹಾಕ್ಕೊಳ್ಳೋದು ಆಂಟಿ?”

ಅತ್ತೆ ಅವತ್ತು ಗಂಟೆ ಹೊಡೆಯಲಿಲ್ಲವಂತೆ. ಅವರಿಬ್ಬರನ್ನೂ ಒಳಗೆ ಕರೆದೊಯ್ದು, ಫ್ಯಾನನ್ನು ಕೊನೆಯ ನಂಬರಿಗೆ ತಿರುಗಿಸಿ, ಮಧ್ಯಾಹ್ನದವರೆಗೆ ಮಲಗಲು ಬಿಟ್ಟಳಂತೆ. ಅವಳ ಚರಿತ್ರೆಯಲ್ಲೇ ಇಂಥ ಅನಾಚಾರ ನಡೆದಿರಲಿಲ್ಲ. ಬರೆದದ್ದನ್ನು ತಿದ್ದು ಎಂದು ನಾನು ಅಂಗಲಾಚಿದೆ. “ನಾನು ಸರಿಯಾಗೇ ಬರ್ದಿದೀನಿ, ನಿನ್ ಇಂಗ್ಲಿಷ್ ತಪ್ಪು” ಎಂದು ಫೋನಿಟ್ಟಳು. ಇಂಗ್ಲಿಷು ಅಳಿಸಿಹೋಯಿತು. ಕನ್ನಡ ಉಳಿಯಿತು.

ಇಷ್ಟರಲ್ಲಿ ಮಾಸ್ತಿಯಲ್ಲಿ ನಮ್ಮ ನೆಂಟರ ಮನೆಯ ನಾಮಕರಣ. ಪಂಕ್ತಿಯಲ್ಲಿ ಕೂತ ದೊಡ್ಡ ಮನುಷ್ಯರೊಬ್ಬರು ಅಪ್ಪನನ್ನು, “ಏನಪ್ಪಾ, ನಿಮ್ಮಕ್ಕ ಲಾಡ್ಜ್ ಇಟ್ಟವ್ರಂತೆ?” ಎಂದು ಕೇಳಿದರು. ನಮ್ಮ ಕಡೆ ಲಾಡ್ಜ್ ಎಂಬ ಪದಕ್ಕೆ ಎಷ್ಟು ಅರ್ಥಗಳಿವೆಯೋ ಅಷ್ಟೂ ಆ ಎಲೆಯ ಮೇಲೆ ಬಿದ್ದವು. ಅಪ್ಪ ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟ. ಹೋಳಿಗೆ ಬಿಟ್ಟನೆಂದರೆ ವಿಷಯ ಗಂಭೀರ. ಮರುದಿನವೇ ಒಂದು ಗೂಡ್ಸ್ ಆಟೋ ಗೊತ್ತುಮಾಡಿ, ನನ್ನನ್ನೂ ಹತ್ತಿಸಿಕೊಂಡು ಹೊರಟ. ಮನೆಯನ್ನು ಯಾರಿಗಾದರೂ ಬಾಡಿಗೆಗೆ ಕೊಡಿಸಿ, ಅಕ್ಕನನ್ನೂ ಟ್ರಂಕನ್ನೂ ಮಾಲೂರಿಗೆ ತರುವುದು ಅವನ ಯೋಜನೆ.

“ನಮ್ಮನೇಲಿ ಜಾಗಕ್ಕೇನು ಕಮ್ಮಿ? ಹಾಲ್ ಇಲ್ವಾ?” ಎಂದ ದಾರಿಯಲ್ಲಿ. ಅಪ್ಪ ಕೆಟ್ಟವನಲ್ಲ. ಅಕ್ಕನ ಮೇಲೆ ಪ್ರಾಣ. ಆದರೆ ಆ ಪ್ರಾಣದ ವಿಳಾಸ ಹಾಲ್.

ನನಗೆ ಭಯವಿದ್ದದ್ದು ಅಪ್ಪನದಲ್ಲ, ಅತ್ತೆಯದೇ. ಊರನ್ನೆಲ್ಲ ಗದರಿಸುವ ಈ ಹೆಂಗಸು ತಮ್ಮನ ಮುಂದೆ ಯಾವತ್ತೂ ‘ಹೂಂ ಕಣೋ’ ಎಂದವಳೇ. ರಜೆಗೆ ಬಾ ಅಂದರೆ ಹೂಂ, ಈ ಸಲ ಬೇಡ, ಹೆಂಡತಿ ಕಡೆಯವರು ಬರ್ತಾರೆ ಅಂದರೂ ಹೂಂ. ಇವತ್ತೂ ಹೂಂ ಎಂದುಬಿಟ್ಟರೆ ಆ ಗಂಟೆ, ಆ ಬೋರ್ಡು, ಮುದ್ದೆ ನುಂಗಿಸುವ ಆ ಸಡಗರ ಎಲ್ಲ ಆಟೋದಲ್ಲಿ ಬಂದು ಟೀವಿ ಪಕ್ಕ ಕೂರುತ್ತವೆ.

ಅಂಗಳದಲ್ಲೇ ಅಪ್ಪ ಶುರು ಮಾಡಿದ. “ಅಕ್ಕಾ, ಜನ ನಗ್ತಾವ್ರೆ. ಮೊದ್ಲು ಆ ಬೋರ್ಡ್ ಕಿತ್ತಾಕು. ಈ ವಯಸ್ಸಲ್ಲಿ ನಿನಗ್ಯಾಕೆ ಕಂಡೋರ ಚಾಕರಿ? ನಮ್ಮನೇಲಿ ಹಾಯಾಗಿರು.”

“ಊಟ ಮಾಡು ಮೊದ್ಲು,” ಎಂದಳು ಅತ್ತೆ.

ಉಂಡ. ಬೇಡಬೇಡವೆಂದರೂ ಎರಡನೇ ಮುದ್ದೆ ಬಿತ್ತು. ತಟ್ಟೆ ತೊಳೆಯಲು ಅಪ್ಪನೇ ಎದ್ದದ್ದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಆ ಮನೆಯ ಗಾಳಿಯಲ್ಲೇ ಏನೋ ಇದೆ. ಮಾತು ಮತ್ತೆ ಎತ್ತಿದ. ಅತ್ತೆ ಪಾತ್ರೆ ಎತ್ತಿಡುತ್ತಾ ನೆಲ ನೋಡಿದಳು. ಎಲ್ಲಿ ‘ಹೂಂ’ ಬರುತ್ತದೋ ಎಂದು ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. “ಯೋಚ್ನೆ ಮಾಡ್ತಿರು, ಐದ್ ನಿಮಿಷ ಮೈ ಚಾಚ್ತೀನಿ” ಎಂದು ಅಪ್ಪ ಅತಿಥಿಗಳ ಕೋಣೆಗೆ ಹೋದ.

ಒಗೆದ ಹಾಸು, ಕಿಟಕಿಯಲ್ಲಿ ಮಾವಿನೆಲೆ, ಒಳಗೆ ಕುಲುಮೆಯಂಥ ಸೆಕೆ. ಅಪ್ಪ ಅಂಗಿಯ ಗುಂಡಿ ಬಿಚ್ಚಿದ. ಸ್ವಿಚ್ಚಿನ ಹತ್ತಿರ ಹೋದ. ಕೈ ಎತ್ತಿದ. ಬೆರಳು ಸ್ವಿಚ್ಚಿನಿಂದ ಒಂದು ಅಂಗುಲ ದೂರದಲ್ಲಿ ನಿಂತಿತು. ಕತ್ತು ಅಡುಗೆಮನೆಯ ಕಡೆ ಓರೆಯಾಯಿತು. ನಾನು ಇಷ್ಟು ವರ್ಷ ಮದುವೆ ಮನೆಗಳಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದ ಐಟಂ, ನನ್ನ ಕಣ್ಣ ಮುಂದೆ, ನನಗಿಂತ ಚೆನ್ನಾಗಿ ನಡೆಯುತ್ತಿತ್ತು. ನನಗೆ ನಗು ಬರಲಿಲ್ಲ.

“ಅಕ್ಕಾ, ಫ್ಯಾನ್ ಹಾಕ್ಕೊಳ್ಳಲೇನೇ?” ಎಂದ ಅಪ್ಪ, ಸಣ್ಣ ದನಿಯಲ್ಲಿ.

ಕೇಳಿದ ಮೇಲೆ ಅವನಿಗೂ ಏನೋ ಕೇಳಿಸಿತೆಂದು ಕಾಣುತ್ತದೆ. ಕೈ ಹಾಗೇ ನಿಂತಿತ್ತು. ಸಂಜೆ ಗೂಡ್ಸ್ ಆಟೋ ಒಂದು ಚೀಲ ಮಾವಿನಕಾಯಿಯನ್ನಷ್ಟೇ ಹೊತ್ತು ವಾಪಸಾಯಿತು. ಟ್ರಂಕಿನ ಮಾತನ್ನು ಅಪ್ಪ ಮತ್ತೆ ಯಾವತ್ತೂ ಎತ್ತಲಿಲ್ಲ. ಅದಕ್ಕೆ ಕಾರಣ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತು, ತಮ್ಮನ ಮುಖವನ್ನೇ ನೋಡುತ್ತಾ, ಅತ್ತೆ ಆಡಿದ ಮಾತು:

“ಬೋರ್ಡ್ ಓದ್ಲಿಲ್ವೇನೋ? ಈ ಮನೇಲಿ ಫ್ಯಾನ್ ಹಾಕೋಕೆ ಯಾರೂ ಕೇಳಬಾರ್ದು. ಅರ್ಥ ಆಯ್ತಾ?”