ನಕ್ಷೆಯಲ್ಲಿ ನಗುವ ಒಂಟೆ

ಮರಳುಗಾಡಿನ ನೀರು ಸರಬರಾಜು ಕಚೇರಿಯ ಅಧಿಕೃತ ನಕ್ಷೆಯನ್ನು ಗೆದ್ದಲು ತಿಂದು ಮುಗಿಸಿದೆ ಎಂಬ ಸಂಗತಿಯನ್ನು ಈ ಮೂಲಕ ಸಾರ್ವಜನಿಕರ ಗಮನಕ್ಕೆ ತರಲಾಗಿದೆ. ಗೆದ್ದಲಿನ ಮೇಲೆ ಶಿಸ್ತುಕ್ರಮ ಜರುಗಿಸುವ ಪ್ರಸ್ತಾಪ ಮೇಲಿನವರ ಮುಂದಿದೆ. ಹೊಸ ನಕ್ಷೆ ಬರೆಯಬೇಕೆಂದರೆ ಯಾರಾದರೂ ಬಿಸಿಲಿಗೆ ಇಳಿಯಬೇಕು. ನಮ್ಮ ಕಚೇರಿಯಲ್ಲಿ ಅಂಥ ದುರಭ್ಯಾಸ ಯಾರಿಗೂ ಇಲ್ಲ. ಆದ್ದರಿಂದ ಸಾಹೇಬರ ಕುರ್ಚಿಯ ಹಿಂದೆ, ಗೋಡೆಯ ಬಿರುಕು ಮುಚ್ಚಲು ತೂಗುಹಾಕಿದ್ದ ಹಳೆಯ ವ್ಯಂಗ್ಯಚಿತ್ರದ ನಕ್ಷೆಯನ್ನೇ ಅಧಿಕೃತವೆಂದು ಘೋಷಿಸಲಾಯಿತು.

ಅಜ್ಜಂದಿರ ಕಾಲದಲ್ಲಿ ಪ್ರವಾಸಿಗರಿಗಾಗಿ ಯಾರೋ ತಮಾಷೆಗೆ ಬರೆದದ್ದು ಅದು. ಬಣ್ಣ ಮಾಸಿದ್ದರೂ ಅಂದ ಕೆಟ್ಟಿಲ್ಲ. ಸೂರ್ಯ ಬೆವರು ಒರೆಸಿಕೊಳ್ಳುತ್ತಿದ್ದಾನೆ, ಕಳ್ಳಿಗಿಡ ಟೋಪಿ ಹಾಕಿದೆ, ಮೂಲೆಯಲ್ಲಿ ಖಾಲಿ ಉಳಿದ ಜಾಗಕ್ಕೊಂದು ಕೊಳ, ಕೊಳದ ತುಂಬ ಬಾತುಕೋಳಿ. ಆ ಕೊಳದ ಹೂಳೆತ್ತುವ ಗುತ್ತಿಗೆ ಸಾಹೇಬರ ಭಾವಮೈದನಿಗೆ ಸಿಕ್ಕಿತು. ಅಲ್ಲಿ ಕೊಳವೇ ಇರಲಿಲ್ಲವಾದ್ದರಿಂದ ಕೆಲಸ ಅವಧಿಗೆ ಮುಂಚೆಯೇ ಮುಗಿಯಿತು. ಸನ್ಮಾನ ಮಾಡಿದೆವು.

ತಕರಾರು ತಂದವಳು ಬಟ್ಟೆ ಒಗೆಯುವ ಹೆಂಗಸೊಬ್ಬಳು. ಅವಳ ಬೀದಿ ಇರಬೇಕಾದ ಕಡೆ ನಕ್ಷೆಯಲ್ಲಿ ಕಪ್ಪು ಕನ್ನಡಕ ಹಾಕಿದ ಒಂಟೆಯೊಂದು ಹಲ್ಲು ಕಿರಿದು ನಗುತ್ತಿದೆ. ಮನೆಗಳಿಲ್ಲದ ಕಡೆಗೆ ನೀರಿನ ಗಾಡಿ ಕಳಿಸಲು ನಿಯಮವಿಲ್ಲ, ನಿಲ್ಲಿಸಿದ್ದೆವು.

“ಸ್ವಾಮಿ, ಮಗಳು ಹೆತ್ತು ಮಲಗಿದಾಳೆ. ಹಸುಗೂಸಿನ ಮೈ ತೊಳೆಯೋಕೂ ಒಂದು ಚೊಂಬು ನೀರಿಲ್ಲ. ಗಾಡಿ ಯಾಕೆ ಬರ್ತಿಲ್ಲ?”

ಸಾಹೇಬರು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿದರು. “ನೀನೇ ನೋಡಮ್ಮ. ಇಲ್ಲಿ ಮನೆ ಕಾಣುತ್ತಾ?”

“ಇದು ಒಂಟೆ.”

“ನಾನೂ ಅದನ್ನೇ ಹೇಳ್ತಿರೋದು.”

“ಅಯ್ಯೋ, ನಾನು ಹುಟ್ಟಿದ್ದೇ ಅಲ್ಲಿ! ಬೇಕಾದ್ರೆ ಬಂದು ನೋಡಿ.”

“ಬಂದು ನೋಡೋದಾದ್ರೆ ನಕ್ಷೆ ಯಾಕಮ್ಮ ಬೇಕಿತ್ತು?”

ಈ ಮಾತಿಗೆ ನಾವೆಲ್ಲ ತಲೆದೂಗಿದೆವು. ಹೆಂಗಸು ಮಾತ್ರ ಅತ್ತಳು. ಸಾಹೇಬರೇನು ಕಲ್ಲೆದೆಯವರಲ್ಲ. “ಒಂಟೆಗೆ ನೀರು ಕೊಡೋಕೆ ಅವಕಾಶ ಇದೆಯೇನ್ರೀ?” ಎಂದು ನನ್ನನ್ನು ಕೇಳಿದರು. ಇದೆ ಎಂದೆ.

“ಹಾಗಾದ್ರೆ ಒಂಟೆ ಅಂತ ಒಪ್ಕೊಂಬಿಡಮ್ಮ. ನಿಂಗೇನು ಕಷ್ಟ?”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ಕೂಸಿಗೂ ಸಿಗುತ್ತಾ?”

“ಮರಿ ಲೆಕ್ಕದಲ್ಲಿ ಬರುತ್ತೆ.”

“ಆಗ್ಲಿ, ಕಳ್ಸಿ. ಕತ್ತೆ ಅಂದ್ರೂ ಒಪ್ತೀನಿ.”

“ಕತ್ತೆಗೆ ಅವಕಾಶವಿಲ್ಲ,” ಎಂದೆ. ನಿಯಮ ಅಂದಮೇಲೆ ನಿಯಮ.

ಮರುದಿನವೇ ಪ್ರಕಟಣೆ ಹೊರಬಿತ್ತು: “ಸದರಿ ಬೀದಿಯ ನಿವಾಸಿಗಳನ್ನು ಇಂದಿನಿಂದ ಒಂಟೆಗಳೆಂದು ಪರಿಗಣಿಸತಕ್ಕದ್ದು. ತಪಾಸಣೆಯ ವೇಳೆ ಎಲ್ಲರೂ ನಕ್ಷೆಗೆ ಹೊಂದುವಂತೆ ಕಪ್ಪು ಕನ್ನಡಕ ಧರಿಸಿ ನಗುತ್ತಿರತಕ್ಕದ್ದು. ನಗದವರ ಪಾಲಿನ ನೀರನ್ನು ತಡೆಹಿಡಿಯಲಾಗುವುದು.” ಕನ್ನಡಕಗಳನ್ನು ಭಾವಮೈದ ಒದಗಿಸಿದ.

ಕಚೇರಿಯ ಗಾಡಿಯಲ್ಲಿ, ಗಾಜು ಇಳಿಸದೆ ತಪಾಸಣೆಗೆ ಹೋದೆವು. ಮನೆಗಳು ಕಂಡವು; ನಕ್ಷೆಯಲ್ಲಿಲ್ಲವಾದ್ದರಿಂದ ಗಮನಿಸಲಿಲ್ಲ. ಬೀದಿಯುದ್ದಕ್ಕೂ ಜನ ಸಾಲಾಗಿ ನಿಂತು ನಗುತ್ತಿದ್ದರು. ತಕರಾರು ತಂದಿದ್ದ ಅಜ್ಜಿಯ ತೋಳಿನಲ್ಲಿದ್ದ ಕೂಸೊಂದೇ ಗಂಟಲು ಹರಿಯುವಂತೆ ಅಳುತ್ತಿತ್ತು. ಅದರ ಕನ್ನಡಕ ಕತ್ತಿಗೆ ಜಾರಿತ್ತು.

“ಮರಿ ನಗ್ತಿಲ್ವಲ್ಲಮ್ಮ?” ಎಂದರು ಸಾಹೇಬರು, ಗಾಜಿನೊಳಗಿಂದ.

“ಅದಕ್ಕಿನ್ನೂ ನಗೋಕೆ ಬರಲ್ಲ ಸ್ವಾಮಿ. ಮೊನ್ನೆ ಮೊನ್ನೆ ಹುಟ್ಟಿದ್ದು.”

ಅದರ ಪಾಲನ್ನು ಕಡಿತಗೊಳಿಸಲಾಯಿತು. ಸುಳ್ಳು ಯಾಕೆ ಹೇಳಲಿ, ನನಗೂ ಪಾಪ ಅನ್ನಿಸಿತು. ಆದರೆ ಒಂದು ಮರಿಗೆ ವಿನಾಯಿತಿ ಕೊಟ್ಟರೆ ನಾಳೆ ಇಡೀ ಮರಳುಗಾಡು ಅಳುತ್ತ ಕೂರುತ್ತದೆ.

ಅಂದಿನಿಂದ ಅಜ್ಜಿ ಒಗೆತ ಬಿಟ್ಟಳು. ತನ್ನ ಪಾಲಿನ ನೀರನ್ನು ಬಾಣಂತಿಗೆ ಕೊಟ್ಟು, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಳು. ಬಾಯಲ್ಲಿ ಪೋಂ ಪೋಂ ಎಂದು ನಮ್ಮ ಗಾಡಿಯ ಹಾರ್ನ್ ಬಾರಿಸುವುದು, ಅಂಗಾಲಿಗೆ ಕಚಗುಳಿ ಇಡುವುದು. ಹಗಲೆಲ್ಲ ಇದೇ ಕೆಲಸ.

ಮೂರನೆಯ ತಪಾಸಣೆಗೆ ನಾವು ತಿರುವಿನಲ್ಲಿ ಹಾರ್ನ್ ಹೊಡೆದದ್ದೇ ತಡ, ಕೂಸು ಬೊಚ್ಚುಬಾಯಿ ತೆರೆದು ನಕ್ಕಿತು. ಸಾಹೇಬರು ಸ್ಥಳದಲ್ಲೇ ನೀರು ಮಂಜೂರು ಮಾಡಿದರು. ಬೀದಿಯವರೆಲ್ಲ ಚಪ್ಪಾಳೆ ತಟ್ಟಿದರು.

ಕೂಸಿಗೆ ಈಗ ಹಲ್ಲು ಬಂದಿದೆ. ತಾಯಿ ಎತ್ತಿಕೊಂಡು ಎಷ್ಟು ಮುದ್ದಾಡಿದರೂ ನಗುವುದಿಲ್ಲವಂತೆ. ನಮ್ಮ ಹಾರ್ನ್ ಕೇಳಿದರೆ ಮಾತ್ರ ನಗುತ್ತದೆ. ಅಜ್ಜಿಗೆ ಅದರ ಬಗ್ಗೆ ಬೇಸರವೇನಿಲ್ಲ. ಅವಳ ಚಿಂತೆಯೇ ಬೇರೆ. ಮೊನ್ನೆ ತಪಾಸಣೆಯಲ್ಲಿ ಕೂಸಿನ ಬೆನ್ನು ಸವರುತ್ತ, ತಗ್ಗಿದ ದನಿಯಲ್ಲಿ ಕೇಳಿದಳು:

“ಇದಕ್ಕೆ ಡುಬ್ಬ ಯಾವಾಗ ಮೂಡುತ್ತೆ ಸ್ವಾಮಿ?”

ವಿಷಯ ಪರಿಶೀಲನೆಯಲ್ಲಿದೆ.